ನಾಲ್ಕು ಘಟಕಗಳ ಇಂಗಾಲದ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್ ಕೊಳ್ಳಬೇಕು?

ನಿಮ್ಮ ನಾಲ್ಕು ಘಟಕಗಳಲ್ಲಿ ವಿದ್ಯುತ್ ಬಿಲ್ಲು ಅಕೌಂಟ್ಸ್‌ನಲ್ಲಿ, ಡೀಸೆಲ್ ಚೀಟಿ ಸ್ಟೋರ್ಸ್‌ನಲ್ಲಿ, ಗ್ಯಾಸ್ ಸಿಲಿಂಡರ್ ಲೆಕ್ಕ ಕ್ಯಾಂಟೀನಿನಲ್ಲಿ. ಇವುಗಳಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬ ಲೆಕ್ಕ ಕೊಡಲು ದೊಡ್ಡ ಗ್ರಾಹಕರು ಮೂರು ತಿಂಗಳ ಗಡುವು ಕೊಟ್ಟಿದ್ದಾರೆ, ಎರಡು ಸಾಫ್ಟ್‌ವೇರ್‌ಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಎರಡೂ ಬೇಡ. ಈ ವರ್ಷವಂತೂ ಖಂಡಿತ ಬೇಡ.

ನಾನು ವಾಹನಗಳ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದೆ. ಪೀಣ್ಯದಲ್ಲಿ ಎರಡು ಘಟಕ, ದಾಬಸ್‌ಪೇಟೆಯಲ್ಲಿ ಒಂದು. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಬಿಆರ್‌ಎಸ್‌ಆರ್ ವರದಿಯನ್ನು, ಅಂದರೆ ಪರಿಸರ ಮತ್ತು ಸಮಾಜದ ಹೊಣೆಗಾರಿಕೆಯ ವರದಿಯನ್ನು, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿದ ಮೇಲೆ, ಆ ಕಂಪನಿಗಳು ತಮಗೆ ಮಾಲು ಕೊಡುವ ನಮ್ಮಂಥವರಿಂದಲೂ ಲೆಕ್ಕ ಕೇಳತೊಡಗಿದವು. ಕಾರ್ಖಾನೆಯ ಸುರಕ್ಷತೆ ನೋಡಿಕೊಳ್ಳುತ್ತಿದ್ದ ನನ್ನ ಮೇಜಿಗೆ ಆ ಕೆಲಸ ಬಂತು.

ನಾನು ಒಂದು ಎಕ್ಸೆಲ್ ಹಾಳೆ ಮಾಡಿ ಮೂರೂ ಘಟಕಗಳಿಗೆ ಕಳುಹಿಸಿದೆ. ಬಿಲ್ಲಿನಲ್ಲಿರುವ ಯೂನಿಟ್ ತುಂಬಿದರೆ ಪಕ್ಕದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಟನ್ ಎಂದು ಬರುತ್ತಿತ್ತು. ತಿಂಗಳ ಕೊನೆಗೆ ಆ ಟನ್ ಮಾತ್ರ ನನಗೆ ಕಳುಹಿಸಿ ಎಂದೆ. ವರದಿಗೆ ಬೇಕಾದದ್ದು ಟನ್ನೇ ತಾನೇ, ಉಳಿದದ್ದೆಲ್ಲ ಏಕೆ ಎಂಬ ಲೆಕ್ಕಾಚಾರ. ನನಗೆ ದುಬಾರಿಯಾದದ್ದು ಇದೊಂದೇ ತಪ್ಪು. ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಯೂನಿಟ್ಟನ್ನು ಟನ್ ಮಾಡಲು ಒಂದು ಗುಣಕ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರ ಅದನ್ನು ಕಾಲಕಾಲಕ್ಕೆ ಪ್ರಕಟಿಸುತ್ತದೆ. ಯಾರದೋ ಹಳೆಯ ಹಾಳೆಯಿಂದ ನಾನು ತೆಗೆದುಕೊಂಡದ್ದು ಯೂನಿಟ್ಟಿಗೆ 0.82 ಕೆ.ಜಿ. ಅದು ಸೂತ್ರದೊಳಗೇ ಅಡಗಿತ್ತು, ಹಾಳೆಯ ಮೇಲೆ ಎಲ್ಲೂ ಕಾಣುತ್ತಿರಲಿಲ್ಲ. ಮರುವರ್ಷ ಪ್ರಾಧಿಕಾರದ 0.716 ಸಿಕ್ಕಿತು. ಸೂತ್ರ ಬದಲಿಸಿ ಹೊಸ ಹಾಳೆ ಕಳುಹಿಸಿದೆ. ಹಳೆಯ ಹಾಳೆಯ ಮೇಲೇ ಹೊಸದನ್ನು ಸೇವ್ ಮಾಡಿದೆ. ಘಟಕದವರೂ ಹಾಗೆಯೇ ಮಾಡಿದರು.

ಮೊದಲ ವರ್ಷ ವಿದ್ಯುತ್ತಿನ ಬಾಬ್ತು 2,460 ಟನ್ ಇದ್ದದ್ದು ಎರಡನೆಯ ವರ್ಷ 2,220ಕ್ಕೆ ಇಳಿಯಿತು. ಸುಮಾರು ಶೇಕಡಾ 10ರಷ್ಟು ಇಳಿಕೆ! ಎಲ್‌ಇಡಿ ದೀಪ ಹಾಕಿಸಿದ್ದರಿಂದ ಇಳಿದಿದೆ ಎಂದು ನಾನೇ ನಂಬಿದೆ. ವ್ಯವಸ್ಥಾಪಕರು ಗ್ರಾಹಕರ ಸಭೆಯಲ್ಲಿ ಅದನ್ನು ಹೆಮ್ಮೆಯಿಂದ ತೋರಿಸಿದರು.

ಗ್ರಾಹಕರ ಕಡೆಯಿಂದ ಪರಿಶೀಲನೆಗೆ ಬಂದ ಹೆಣ್ಣುಮಗಳು ಕೇಳಿದ್ದು ಒಂದೇ ಪ್ರಶ್ನೆ. "ಸರ್, ಯೂನಿಟ್ ಎಷ್ಟು ಕಡಿಮೆಯಾಗಿದೆ?" ನನ್ನ ಬಳಿ ಟನ್ ಇತ್ತು, ಯೂನಿಟ್ ಇರಲಿಲ್ಲ. ಮೂರು ಘಟಕ, ಇಪ್ಪತ್ತನಾಲ್ಕು ತಿಂಗಳು, ಒಟ್ಟು 72 ಬಿಲ್ಲು. ಅಕೌಂಟ್ಸ್ ಕೋಣೆಯ ಕಪಾಟಿನಿಂದ ಫೈಲುಗಳನ್ನು ಇಳಿಸಿಕೊಂಡು ಹತ್ತು ದಿನ ಕುಳಿತೆ. ಕೂಡಿದಾಗ ಮೊದಲ ವರ್ಷ 30 ಲಕ್ಷ ಯೂನಿಟ್, ಎರಡನೆಯ ವರ್ಷ 31 ಲಕ್ಷ. ಬಳಕೆ ಹೆಚ್ಚಿತ್ತು, ಇಳಿದದ್ದು ಗುಣಕ ಮಾತ್ರ. ವ್ಯವಸ್ಥಾಪಕರು ಗ್ರಾಹಕರಿಗೆ ತಿದ್ದುಪಡಿ ಪತ್ರ ಬರೆಯಬೇಕಾಯಿತು. ಆ ಪತ್ರದ ಕರಡು ಬರೆದವನು ನಾನು. ಇಂದಿಗೂ ಅದರ ಒಂದೊಂದು ಸಾಲೂ ನೆನಪಿದೆ.

ಡೀಸೆಲ್‌ನದು ಇನ್ನೂ ಕಷ್ಟವಾಯಿತು. ಬಂಕಿನವರು ಕೊಡುವ ನುಣುಪು ಕಾಗದದ ಚೀಟಿಗಳ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೂ ಲೀಟರ್ ಕಾಣಲಿಲ್ಲ. ನಮ್ಮನ್ನು ಉಳಿಸಿದ್ದು ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್. ಜನರೇಟರ್ ಕೋಣೆಯ ಮೊಳೆಗೆ ನೇತುಹಾಕಿದ್ದ, ಎಣ್ಣೆಯ ಬೆರಳಚ್ಚು ತುಂಬಿದ ಪುಸ್ತಕದಲ್ಲಿ ಅವರು ಪ್ರತಿ ಸಲ ಸುರಿದ ಲೀಟರು, ಯಂತ್ರ ಓಡಿದ ಗಂಟೆ ಎರಡನ್ನೂ ಬರೆದಿಟ್ಟಿದ್ದರು. ಹಾಗೆ ಬರೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನಿಮಗೆ ಬೇಕಿರುವುದು ಸಾಫ್ಟ್‌ವೇರ್ ಅಲ್ಲ, ಆ ಪುಸ್ತಕ. ಕಾಗದವನ್ನು ಮೊದಲು ಮುಟ್ಟುವವರೇ ಸಂಖ್ಯೆಯನ್ನು ಬರೆಯಲಿ. ಬಿಲ್ಲಿನಲ್ಲಿ ಹೇಗಿದೆಯೋ ಹಾಗೇ, ಅದೇ ಅಳತೆಯಲ್ಲಿ. ಜೊತೆಗೆ ಯಾವ ಘಟಕ, ಮೀಟರಿನ ಆರ್‌ಆರ್ ಸಂಖ್ಯೆ ಯಾವುದು, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಬಿಲ್ಲಿನ ಸಂಖ್ಯೆ ಎಷ್ಟು, ಅಳೆದದ್ದೋ ಅಂದಾಜೋ ಎಂಬುದೂ ಇರಲಿ. ಗುಣಕಗಳಿಗೆ ಬೇರೆಯೇ ಹಾಳೆ ಮಾಡಿ, ಯಾವ ವರ್ಷದ್ದು, ಯಾರು ಪ್ರಕಟಿಸಿದ್ದು ಎಂದು ಬರೆಯಿರಿ. 2023-24ಕ್ಕೆ ಪ್ರಾಧಿಕಾರದ ಗುಣಕ ಮತ್ತೆ 0.727 ಆಯಿತು. ಯೂನಿಟ್ ಕೈಯಲ್ಲಿದ್ದರೆ ಇಂಥ ಬದಲಾವಣೆ ಐದು ನಿಮಿಷದ ಕೆಲಸ.

ಜನರೇಟರಿನಿಂದ ಬಂದ ಯೂನಿಟ್ಟನ್ನು ವಿದ್ಯುತ್ ಲೆಕ್ಕಕ್ಕೆ ಸೇರಿಸಬೇಡಿ, ಅದರ ಡೀಸೆಲ್ ಆಗಲೇ ಸ್ಕೋಪ್ 1ರಲ್ಲಿ, ಅಂದರೆ ನೀವೇ ಉರಿಸಿದ ಇಂಧನದಂಥ ನೇರ ಲೆಕ್ಕದಲ್ಲಿ, ಬಂದಿರುತ್ತದೆ. ಎ.ಸಿ. ರಿಪೇರಿಯವರಿಂದ "ಗ್ಯಾಸ್ ತುಂಬಿದ್ದು, ಇಷ್ಟು ರೂಪಾಯಿ" ಎಂಬ ಬಿಲ್ಲು ತೆಗೆದುಕೊಳ್ಳಬೇಡಿ. ಯಾವ ಗ್ಯಾಸ್, ಎಷ್ಟು ಕೆ.ಜಿ. ಎಂದು ಬರೆಸಿಕೊಳ್ಳಿ. ಹಳೆಯ ಎ.ಸಿ.ಗಳಲ್ಲಿರುವ ಆರ್-22 ಗ್ಯಾಸ್ ಒಂದೇ ಒಂದು ಕೆ.ಜಿ. ಸೋರಿದರೆ ಸುಮಾರು 1,800 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಲೀಟರ್ ಡೀಸೆಲ್ ಉರಿದರೆ ಬರುವುದು ಸುಮಾರು 2.7 ಕೆ.ಜಿ. ಮಾತ್ರ. ಸ್ಕೋಪ್ 3ರಲ್ಲಿ, ಅಂದರೆ ಕೊಂಡ ಮಾಲು, ಸಾಗಣೆಯಂಥ ಕಾರ್ಖಾನೆಯ ಹೊರಗಿನ ಲೆಕ್ಕದಲ್ಲಿ, 15 ವರ್ಗಗಳಿವೆ. ಮೊದಲ ವರ್ಷವೇ ಅದಕ್ಕೆ ಕೈಹಾಕಿದರೆ ಅಂದಾಜುಗಳ ರಾಶಿಯಲ್ಲಿ ಮುಳುಗುತ್ತೀರಿ. "ಲೆಕ್ಕ ಹಾಕಿಲ್ಲ" ಎಂದೇ ಬರೆದುಕೊಡಿ, ಗ್ರಾಹಕರು ಒಪ್ಪುತ್ತಾರೆ. ನಮ್ಮವರು ಒಪ್ಪಿದರು.

ಸಾಫ್ಟ್‌ವೇರ್ ಮಾತು ಒಂದು ವರ್ಷದ ದಾಖಲೆ ಕೈಗೆ ಬಂದ ಮೇಲೆ. ನಾಳೆ ಬೆಳಿಗ್ಗೆ ಸ್ಟೋರ್ಸ್‌ಗೆ ಹೋಗಿ ಡೀಸೆಲ್ ಚೀಟಿಗಳನ್ನು ಹೊರಗೆ ತೆಗೆಸಿ ಝೆರಾಕ್ಸ್ ಮಾಡಿಸಿ. ಏಪ್ರಿಲ್ ತಿಂಗಳವುಗಳಿಂದಲೇ ಶುರು ಮಾಡಿ, ಮೊದಲು ಅಳಿಸಿಹೋಗುವುದು ಅವೇ.