ವೈರಲ್ ನ್ಯುಮೋನಿಯಾ ಹೌದೋ ಅಲ್ಲವೋ ಎಂದು ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆಯೇ?

ನೀವು ಕೇಳಿರುವುದು ಇಷ್ಟು. ಅಪ್ಪನಿಗೆ 63 ವರ್ಷ, ಶುಗರ್ ಇದೆ. ನಾಲ್ಕು ದಿನದಿಂದ ಜ್ವರ, ಒಣ ಕೆಮ್ಮು. ಕೋವಿಡ್ ಟೆಸ್ಟ್ ನೆಗೆಟಿವ್ ಬಂದಿದೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಎರಡು ದಿನ ನೋಡೋಣ ಅಂದಿದ್ದಾರೆ. ನಿಮ್ಮ ಅಣ್ಣ ಮಾತ್ರ "ಸುಮ್ನೆ ಕಾಯೋದು ಯಾಕೆ, ನಾವೇ ಹೋಗಿ ಸಿಟಿ ಮಾಡಿಸೋಣ, ವೈರಲ್ಲೋ ಅಲ್ವೋ ಗೊತ್ತಾಗಿಬಿಡುತ್ತೆ" ಎನ್ನುತ್ತಿದ್ದಾರೆ.

ನಾನು ರೇಡಿಯಾಲಜಿಸ್ಟ್. ಮಧ್ಯ ಕರ್ನಾಟಕದ ಒಂದು ಊರಿನಲ್ಲಿ ಎದೆಯ ಸ್ಕ್ಯಾನ್ ಓದುವುದೇ ನನ್ನ ದಿನದ ಕೆಲಸ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದೆಯಾ, ಎಲ್ಲಿ, ಎಷ್ಟು ಎಂಬುದನ್ನು ಸಿಟಿ ಬಹಳ ಚೆನ್ನಾಗಿ ತೋರಿಸುತ್ತದೆ. ಇದು ವೈರಸ್ ಇರಬಹುದು ಎಂಬ ಸುಳಿವನ್ನೂ ಎಷ್ಟೋ ಸಲ ಕೊಡುತ್ತದೆ. ಯಾವ ವೈರಸ್ ಎಂದು ಮಾತ್ರ ಹೇಳುವುದಿಲ್ಲ. ಕಾಯಿಲೆಯ ಎಷ್ಟನೇ ದಿನ ಮಾಡಿಸಿದಿರಿ, ಏನು ತಿಳಿಯಬೇಕು ಅಂತ ಮಾಡಿಸಿದಿರಿ ಎಂಬುದು ತಪ್ಪಿದರೆ ಆ ಸ್ಕ್ಯಾನ್ ನಿಮ್ಮನ್ನು ದಾರಿ ತಪ್ಪಿಸಲೂಬಹುದು.

ಮೊದಲು ನಾವು ಏನು ನೋಡುತ್ತೇವೆ ಅಂತ ಹೇಳುತ್ತೇನೆ. ಆರೋಗ್ಯವಾಗಿರುವ ಶ್ವಾಸಕೋಶದ ತುಂಬ ಗಾಳಿ. ಗಾಳಿ ಎಕ್ಸ್‌ರೇ ಕಿರಣವನ್ನು ತಡೆಯುವುದಿಲ್ಲ, ಅದಕ್ಕೇ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಆ ಕಪ್ಪಿನಲ್ಲಿ ರಕ್ತನಾಳಗಳು ಬಿಳಿಯ ಕವಲುಗಳಾಗಿ ಹರಡಿರುತ್ತವೆ. ವೈರಸ್ ಕೆಳಗಿಳಿದಾಗ ಪುಟ್ಟ ಗಾಳಿಗೂಡುಗಳ ಗೋಡೆ ಊದಿಕೊಳ್ಳುತ್ತದೆ, ಒಳಗೆ ಸ್ವಲ್ಪ ನೀರು ಸೇರುತ್ತದೆ. ಗಾಳಿ ಪೂರ್ತಿ ಹೋಗಿರುವುದಿಲ್ಲ. ಆಗ ಆ ಜಾಗ ಬಚ್ಚಲುಮನೆ ಕಿಟಕಿಯ ಮಬ್ಬು ಗಾಜಿನ ಹಾಗೆ ಬೂದಾಗುತ್ತದೆ, ಒಳಗಿನ ರಕ್ತನಾಳ ಇನ್ನೂ ಕಾಣುತ್ತಿರುತ್ತದೆ. ರಿಪೋರ್ಟ್‌ನಲ್ಲಿ ಗ್ರೌಂಡ್ ಗ್ಲಾಸ್ ಒಪ್ಯಾಸಿಟಿ, ಚಿಕ್ಕದಾಗಿ ಜಿಜಿಒ, ಅಂತ ಬರೆಯುವುದು ಇದನ್ನೇ. ಗೂಡುಗಳು ನೀರು, ಕೀವಿನಿಂದ ಪೂರ್ತಿ ತುಂಬಿಕೊಂಡರೆ ಜಾಗ ಬೆಳ್ಳಗಾಗಿ ರಕ್ತನಾಳವೂ ಮುಚ್ಚಿಹೋಗುತ್ತದೆ. ಅದು ಕನ್ಸಾಲಿಡೇಶನ್. ಬ್ಯಾಕ್ಟೀರಿಯಾದ ನ್ಯುಮೋನಿಯಾ ಹೆಚ್ಚಾಗಿ ಒಂದೇ ಕಡೆ, ಒಂದೇ ಲೋಬ್‌ನಲ್ಲಿ (ಶ್ವಾಸಕೋಶದ ಒಂದು ಪಾಲಿನಲ್ಲಿ) ಹೀಗೆ ಬೆಳ್ಳಗೆ ಕೂರುತ್ತದೆ.

ಕೋವಿಡ್‌ಗೆ ತನ್ನದೇ ಒಂದು ಚಾಳಿ ಇತ್ತು. ಎರಡೂ ಶ್ವಾಸಕೋಶ, ಕೆಳಭಾಗ, ಬೆನ್ನಿನ ಕಡೆ, ಅದೂ ಅಂಚಿಗೆ ಅಂಟಿಕೊಂಡಂತೆ ಬೂದು ತೇಪೆಗಳು. ಬೇರೆ ವೈರಸ್‌ಗಳು ಇಷ್ಟು ಶಿಸ್ತಾಗಿ ವರ್ತಿಸುವುದಿಲ್ಲ. ಇನ್‌ಫ್ಲುಯೆಂಜಾದಲ್ಲಿ ಜಿಜಿಒ ಬರುತ್ತದೆ, ಜೊತೆಗೆ ಶ್ವಾಸನಾಳದ ಗೋಡೆ ದಪ್ಪಗಾಗಿ ಅದರ ಸುತ್ತಲೇ ತೇಪೆ ಕಾಣಿಸುವುದುಂಟು. ಆರ್‌ಎಸ್‌ವಿ ಎಂಬ ವೈರಸ್ಸಿನದು ಹೆಚ್ಚಾಗಿ ಶ್ವಾಸನಾಳಗಳ ಕಾಯಿಲೆ, ಸಣ್ಣ ಸಣ್ಣ ಚುಕ್ಕೆಗಳು ಆ ನಾಳದ ಸುತ್ತ ಇರುತ್ತವೆ. ಅಡೆನೊ ವೈರಸ್ ಕೆಲವು ಸಲ ಥೇಟ್ ಬ್ಯಾಕ್ಟೀರಿಯಾದ ಹಾಗೆ ಒಂದು ಲೋಬನ್ನೇ ಬೆಳ್ಳಗೆ ಮಾಡಿಬಿಡುತ್ತದೆ. ದೊಡ್ಡವರಿಗೆ ಚಿಕನ್‌ಪಾಕ್ಸ್ ಬಂದು (ಊರಲ್ಲಿ ಅಮ್ಮ ಆಗಿದೆ ಅಂತಾರಲ್ಲ, ಅದು) ಶ್ವಾಸಕೋಶಕ್ಕೆ ಇಳಿದರೆ ಎರಡೂ ಕಡೆ ತುಂಬ ಸಾಸಿವೆ ಗಾತ್ರದ ಗಂಟುಗಳು. ವಾಸಿಯಾದ ಮೇಲೆ ಕೆಲವರಲ್ಲಿ ಅವು ಸುಣ್ಣಗಟ್ಟಿ ವರ್ಷಗಟ್ಟಲೆ ಉಳಿಯುತ್ತವೆ. ಬೇರೆ ಯಾವುದೋ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಆ ಚುಕ್ಕೆಗಳು ಕಂಡರೆ "ದೊಡ್ಡವರಾದ ಮೇಲೆ ಅಮ್ಮ ಆಗಿತ್ತಾ?" ಅಂತ ಕೇಳುತ್ತೇವೆ.

ಈಗ ತೊಡಕಿನ ಮಾತು. ಬೂದು ತೇಪೆ ವೈರಸ್ಸಿನಿಂದಲೇ ಬರಬೇಕು ಅಂತಿಲ್ಲ. ಹೃದಯ ಸೋತು ಶ್ವಾಸಕೋಶಕ್ಕೆ ನೀರು ಬಂದರೂ ಬೂದು. ಒಳಗೆ ರಕ್ತ ಒಸರಿದರೂ ಬೂದು. ಕೆಲವು ಔಷಧಿಗಳ ಅಡ್ಡಪರಿಣಾಮ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಬರುವ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರ, ಎಲ್ಲವೂ ಬೂದೇ. ಇನ್ನೂ ಸರಳವಾದ ಕಾರಣವೂ ಉಂಟು. ಸ್ಕ್ಯಾನ್ ಮೇಜಿನ ಮೇಲೆ ಮಲಗಿದವರು ಉಸಿರು ಪೂರ್ತಿ ಎಳೆದುಕೊಳ್ಳದಿದ್ದರೆ ಗಾಳಿ ಕಡಿಮೆಯಾಗಿ ಇಡೀ ಶ್ವಾಸಕೋಶವೇ ಬೂದಾಗಿ ಕಾಣುತ್ತದೆ. ಅದಕ್ಕೇ ನಾನು ಮೊದಲು ನೋಡುವುದು ಗಂಟಲಿನಿಂದ ಇಳಿಯುವ ದೊಡ್ಡ ಗಾಳಿಕೊಳವೆಯನ್ನು. ಉಸಿರು ತುಂಬಿದ್ದರೆ ಅದು ದುಂಡಗಿರುತ್ತದೆ. ಉಸಿರು ಬಿಟ್ಟಿದ್ದರೆ ಅದರ ಹಿಂದಿನ ಗೋಡೆ ಒಳಗೆ ತಳ್ಳಿಕೊಂಡಿರುತ್ತದೆ. ಹಾಗೆ ಕಂಡರೆ ಬೂದು ಬಣ್ಣವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಯಸ್ಸಾದವರು ಅಂಗಾತ ಮಲಗಿದಾಗ ಬೆನ್ನಿನ ಕಡೆಯ ಶ್ವಾಸಕೋಶ ಭಾರಕ್ಕೆ ಕುಸಿದು ತೆಳುವಾಗಿ ಬೂದಾಗುವುದೂ ಮಾಮೂಲು. ಅನುಮಾನ ಬಂದರೆ ಬೋರಲು ಮಲಗಿಸಿ ಆ ಭಾಗವನ್ನಷ್ಟೇ ಮತ್ತೊಮ್ಮೆ ತೆಗೆಯುತ್ತೇವೆ. ಭಾರಕ್ಕೆ ಬಂದ ಬೂದಾದರೆ ಮಾಯವಾಗುತ್ತದೆ, ಕಾಯಿಲೆಯಾದರೆ ಅಲ್ಲೇ ಇರುತ್ತದೆ. ಕೆಮ್ಮುತ್ತಿರುವವರ ಸ್ಕ್ಯಾನ್ ಓದುವುದು ನಿಜಕ್ಕೂ ಕಷ್ಟ. ಟೆಕ್ನಿಷಿಯನ್ "ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ" ಅನ್ನುವುದು ಯಾಕೆ ಅಂತ ಅಪ್ಪನಿಗೆ ಮೊದಲೇ ಹೇಳಿ ಕರೆದುಕೊಂಡು ಹೋದರೆ ಅರ್ಧ ಕೆಲಸ ಆದಂತೆ.

ದಿನದ ಲೆಕ್ಕಕ್ಕೆ ಬರುತ್ತೇನೆ. 2020ರ ಆರಂಭದಲ್ಲಿ ಚೀನಾದ 121 ಕೋವಿಡ್ ರೋಗಿಗಳ ಸಿಟಿಗಳನ್ನು ಪರಿಶೀಲಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಲಕ್ಷಣ ಶುರುವಾಗಿ ಎರಡು ದಿನದೊಳಗೆ ಸ್ಕ್ಯಾನ್ ಆದವರಲ್ಲಿ ಶೇಕಡಾ 56 ಮಂದಿಯ ಸಿಟಿ ನಾರ್ಮಲ್ ಆಗಿತ್ತು. ಕಾಯಿಲೆ ಇತ್ತು, ಸ್ಕ್ಯಾನ್ ಶುದ್ಧವಾಗಿತ್ತು. ಮೂಗು, ಗಂಟಲಲ್ಲಿರುವ ವೈರಸ್ ಶ್ವಾಸಕೋಶಕ್ಕೆ ಇಳಿದು ಊತ ಎಬ್ಬಿಸಲು ಸಮಯ ಬೇಕು. ಕೋವಿಡ್‌ನಲ್ಲಿ ಶ್ವಾಸಕೋಶದ ಹಾನಿ ಜಾಸ್ತಿ ಕಾಣುತ್ತಿದ್ದುದು ಎರಡನೇ ವಾರದಲ್ಲಿ. ಹಾಗಾಗಿ ಎರಡನೇ ದಿನ ಓಡಿಹೋಗಿ ಸಿಟಿ ಮಾಡಿಸಿ, "ನಾರ್ಮಲ್ ಇದೆ" ಅಂತ ನಿರಾಳವಾಗಿ, ಎಂಟನೇ ದಿನ ಏದುಸಿರು ಬಂದಾಗ ಅದನ್ನು ಲಘುವಾಗಿ ತೆಗೆದುಕೊಂಡವರನ್ನು ಕಂಡು ನನಗೆ ಬಹಳ ಬೇಸರವಾಗಿದೆ. ನಿಮ್ಮ ಅಣ್ಣನಿಗೆ ಈ ಒಂದು ಮಾತನ್ನಾದರೂ ದಯವಿಟ್ಟು ತಿಳಿಸಿ.

ಸಿಟಿಯಿಂದಲೇ ರೋಗ ಪತ್ತೆ ಎಂಬ ನಂಬಿಕೆ ಎಲ್ಲಿಂದ ಬಂತು ಅಂತ ನೋಡಿದರೆ ಅದಕ್ಕೂ ಕಾರಣ ಇದೆ. ವುಹಾನ್‌ನಲ್ಲಿ ಆಗ ಟೆಸ್ಟ್ ಕಿಟ್‌ಗಳ ಕೊರತೆ. ಹುಬೈ ಪ್ರಾಂತ್ಯ 2020ರ ಫೆಬ್ರವರಿ 12ರ ಲೆಕ್ಕದಲ್ಲಿ, ಲ್ಯಾಬ್ ಟೆಸ್ಟ್ ಇಲ್ಲದೆ ಲಕ್ಷಣ ಮತ್ತು ಸ್ಕ್ಯಾನ್ ನೋಡಿ ಗುರುತಿಸಿದವರನ್ನೂ ಸೇರಿಸಿತು. ಒಂದೇ ದಿನಕ್ಕೆ 14,840 ಹೊಸ ಪ್ರಕರಣ, ಅದರಲ್ಲಿ 13,332 ಹೀಗೆ ಸೇರಿದವು. ಕಿಟ್ ಇಲ್ಲದ ಊರಿನಲ್ಲಿ ಜನರನ್ನು ಬೇಗ ಬೇರ್ಪಡಿಸಲು ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಅದೇ ತಿಂಗಳ ಕೊನೆಗೆ ವುಹಾನ್‌ನ ಟೊಂಗ್‌ಜಿ ಆಸ್ಪತ್ರೆಯಿಂದ 1,014 ಜನರ ಅಧ್ಯಯನ ಬಂತು. ಪಿಸಿಆರ್ (ಮೂಗು, ಗಂಟಲ ಸ್ವ್ಯಾಬ್‌ನಲ್ಲಿ ವೈರಸ್ ಹುಡುಕುವ ಲ್ಯಾಬ್ ಟೆಸ್ಟ್) ಪಾಸಿಟಿವ್ ಆದವರಲ್ಲಿ ಶೇಕಡಾ 97ರಷ್ಟು ಮಂದಿಯ ಸಿಟಿಯೂ ಪಾಸಿಟಿವ್. ಎಲ್ಲರೂ ಹಿಡಿದುಕೊಂಡಿದ್ದು ಈ ಸಂಖ್ಯೆಯನ್ನು. ಅದೇ ಅಧ್ಯಯನದಲ್ಲಿ ಪಿಸಿಆರ್ ನೆಗೆಟಿವ್ ಆಗಿದ್ದ 413 ಜನರಲ್ಲಿ 308 ಮಂದಿಯ ಸಿಟಿ ಕೂಡ ಪಾಸಿಟಿವ್ ಇತ್ತು. ಅವರಲ್ಲಿ ಹಲವರಿಗೆ ನಿಜಕ್ಕೂ ಕೋವಿಡ್ ಇದ್ದಿರಬಹುದು, ಪಿಸಿಆರ್ ತಪ್ಪಿಸಿಕೊಂಡಿರಬಹುದು. ಎಲ್ಲರಿಗೂ ಇತ್ತು ಅಂತ ಹೇಳಲು ಬರುವುದಿಲ್ಲ. 2020ರ ಮಾರ್ಚ್‌ನಲ್ಲೇ ಅಮೆರಿಕದ ರೇಡಿಯಾಲಜಿಸ್ಟ್‌ಗಳ ಸಂಸ್ಥೆಯಾದ ಎಸಿಆರ್, ಕೋವಿಡ್ ಪತ್ತೆಗೆ ಸಿಟಿಯನ್ನು ಮೊದಲ ಪರೀಕ್ಷೆಯಾಗಿ ಬಳಸಬೇಡಿ ಎಂದಿತು. ಪಿಸಿಆರ್ ಸಿಗದಿದ್ದರೆ, ರಿಪೋರ್ಟ್ ತಡವಾದರೆ, ಅಥವಾ ನೆಗೆಟಿವ್ ಬಂದರೂ ಅನುಮಾನ ಬಲವಾಗಿದ್ದರೆ ಎದೆಯ ಸ್ಕ್ಯಾನ್, ಎಕ್ಸ್‌ರೇ ಬಳಸಬಹುದು ಎಂಬುದು ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ.

ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2021ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ತಂಡ ಲೆಕ್ಕ ಹಾಕಿತು. ಕೋವಿಡ್ ಇದ್ದ 100 ಜನರಲ್ಲಿ ಸುಮಾರು 88 ಮಂದಿಯನ್ನು ಸಿಟಿ ಹಿಡಿಯುತ್ತದೆ. ಇಲ್ಲದ 100 ಜನರಲ್ಲಿ ಸುಮಾರು 20 ಮಂದಿಗೆ ಸುಳ್ಳೇ ಇದೆ ಎನ್ನುತ್ತದೆ. ಇದನ್ನು ಮನೆ ಲೆಕ್ಕಕ್ಕೆ ಇಳಿಸಿ ನೋಡಿ. ಜ್ವರ, ಕೆಮ್ಮು ಇರುವ 100 ಜನ ಸ್ಕ್ಯಾನ್‌ಗೆ ಬಂದರು, ಅವರಲ್ಲಿ ನಿಜವಾಗಿ ಕೋವಿಡ್ ಇರುವುದು 20 ಜನಕ್ಕೆ ಅಂತಿಟ್ಟುಕೊಳ್ಳಿ. ಸಿಟಿ ಹಿಡಿಯುವುದು ಹೆಚ್ಚುಕಡಿಮೆ 18 ಜನರನ್ನು. ಉಳಿದ 80 ಜನರಲ್ಲಿ 16 ಮಂದಿಗೂ ಕೋವಿಡ್ ಹಣೆಪಟ್ಟಿ ಬೀಳುತ್ತದೆ. ಅಂದರೆ ಪಾಸಿಟಿವ್ ಎಂದ ರಿಪೋರ್ಟ್‌ಗಳಲ್ಲಿ ಅರ್ಧದ ಹತ್ತಿರ ತಪ್ಪು! ಅಲೆ ಉಕ್ಕುತ್ತಿರುವಾಗ, 100ರಲ್ಲಿ 70 ಜನಕ್ಕೆ ಕಾಯಿಲೆ ಇರುವಾಗ, ಅದೇ ಯಂತ್ರ, ಅದೇ ಕಣ್ಣು ಬಹಳ ನಿಖರವಾಗಿಬಿಡುತ್ತದೆ. ಈಗ ಅಂಥ ಅಲೆ ಇಲ್ಲ. ಆದ್ದರಿಂದ ಇವತ್ತು ಜಿಜಿಒ ಕಂಡರೆ ನಾನು ಫ್ಲೂ, ಕೋವಿಡ್, ಹೃದಯ, ಔಷಧಿ ಎಲ್ಲವನ್ನೂ ಯೋಚಿಸಲೇಬೇಕು.

2021ರ ಎರಡನೇ ಅಲೆ ನಿಮಗೂ ನೆನಪಿರಬಹುದು. ಬೆಂಗಳೂರಿನಲ್ಲಿ ಬಿಯು ನಂಬರ್ (ಕೋವಿಡ್ ಪಾಸಿಟಿವ್ ಆದವರಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ) ಇಲ್ಲದೆ ಬೆಡ್ ಸಿಗದೆ ಒದ್ದಾಡಿದವರಲ್ಲಿ ಪಿಸಿಆರ್ ನೆಗೆಟಿವ್ ಆಗಿ ಸಿಟಿಯಲ್ಲಿ ಮಾತ್ರ ನ್ಯುಮೋನಿಯಾ ಕಂಡವರೂ ಇದ್ದರು. ಅಂಥವರಿಗೆ ಸಿಟಿ ನಿಜಕ್ಕೂ ಆಸರೆಯಾಯಿತು. ಕಾಯಿಲೆ ಎರಡನೇ ವಾರಕ್ಕೆ ಬಿದ್ದಾಗ ಗಂಟಲಲ್ಲಿ ವೈರಸ್ ಕಡಿಮೆಯಾಗಿ ಸ್ವ್ಯಾಬ್ ನೆಗೆಟಿವ್ ಬರಬಹುದು, ಅಷ್ಟರಲ್ಲಿ ಶ್ವಾಸಕೋಶ ಬೂದಾಗಿರುತ್ತದೆ. ಇನ್ನೊಂದು ಕಡೆ, ಏನೂ ತೊಂದರೆ ಇಲ್ಲದವರೂ ಸಾಲುಗಟ್ಟಿ ನಿಂತು ಸ್ಕ್ಯಾನ್ ಮಾಡಿಸಿದರು. ಮನೆಮನೆಯಲ್ಲಿ "ಸ್ಕೋರ್ ಎಷ್ಟು?" ಎಂಬ ಮಾತು. ಶ್ವಾಸಕೋಶದ ಐದು ಲೋಬ್‌ಗಳಿಗೆ, ಎಷ್ಟು ಭಾಗ ಕೆಟ್ಟಿದೆ ಎಂದು ನೋಡಿ 0ಯಿಂದ 5ರವರೆಗೆ ಅಂಕ ಕೊಟ್ಟು ಕೂಡಿದರೆ 25ಕ್ಕೆ ಇಷ್ಟು ಅಂತ ಬರುತ್ತದೆ. ಕಣ್ಣಂದಾಜಿನ ಲೆಕ್ಕ ಅದು. ನಾನು 9 ಅಂದದ್ದನ್ನು ಪಕ್ಕದ ಡಾಕ್ಟರು 11 ಅನ್ನಬಹುದು. 9 ಬಂದವರು ಆಕ್ಸಿಜನ್ ಬೇಕಾಗಿ ಮಲಗಿದ್ದನ್ನೂ, 14 ಬಂದವರು ನಡೆದುಕೊಂಡು ಮನೆಗೆ ಹೋದದ್ದನ್ನೂ ನೋಡಿದ್ದೇನೆ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನ ಸಂಖ್ಯೆಯನ್ನು ಬದಿಗಿಟ್ಟು ಬರೀ ಸ್ಕೋರ್ ನೋಡಿ ಸ್ಟಿರಾಯ್ಡ್ ಶುರುಮಾಡುವುದು ಅಪಾಯ. ಶುಗರ್ ಇರುವವರಿಗಂತೂ ಇನ್ನೂ ಜಾಸ್ತಿ.

ರೇಡಿಯೇಶನ್ ಬಗ್ಗೆಯೂ ಕೇಳಿದ್ದೀರಿ. ಒಂದು ಸಿಟಿ 300-400 ಎಕ್ಸ್‌ರೇಗೆ ಸಮ ಎಂದು 2021ರ ಮೇನಲ್ಲಿ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಹೇಳಿದ್ದರು. ಆ ಲೆಕ್ಕ ಹಳೇ ಯಂತ್ರಗಳದ್ದು ಎಂದು ರೇಡಿಯಾಲಜಿಸ್ಟ್‌ಗಳ ಸಂಘ ಆಕ್ಷೇಪಿಸಿತು. ಸಾಮಾನ್ಯವಾಗಿ ಕೊಡುವ ಅಂದಾಜು ಹೀಗಿದೆ: ಎದೆಯ ಎಕ್ಸ್‌ರೇಗೆ 0.1 ಮಿಲಿಸೀವರ್ಟ್, ಮಾಮೂಲಿ ಎದೆಯ ಸಿಟಿಗೆ 6ರ ಆಸುಪಾಸು, ಕಡಿಮೆ ಡೋಸ್‌ನಲ್ಲಿ ತೆಗೆದರೆ 1.5ರ ಸುತ್ತಮುತ್ತ. ಸುಮ್ನೆ ಬದುಕಿದ್ದರೂ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನಮ್ಮ ಮೈಗೆ ಬೀಳುತ್ತದೆ. 63ರ ನಿಮ್ಮ ಅಪ್ಪನಿಗೆ ಬೇಕಾದ ಒಂದು ಸ್ಕ್ಯಾನ್‌ಗೆ ಹೆದರಬೇಡಿ. ವಾರಕ್ಕೊಂದು ಮಾಡಿಸುವುದಕ್ಕೆ, ಚಿಕ್ಕ ಮಕ್ಕಳಿಗೆ ಅಗತ್ಯವಿಲ್ಲದೆ ಮಾಡಿಸುವುದಕ್ಕೆ ಹೆದರಿ.

ಹಾಗಾದರೆ ಈಗ ಏನು ಮಾಡಬೇಕು? ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿದೆ. ಎಕ್ಸ್‌ರೇ ತೆಗೆಸಿ. ಆಕ್ಸಿಮೀಟರ್ ತಂದು ದಿನಕ್ಕೆ ಮೂರ್ನಾಲ್ಕು ಸಲ ನೋಡಿ, ಕೂತಾಗ ಒಮ್ಮೆ, ಆರು ನಿಮಿಷ ಮನೆಯೊಳಗೇ ನಡೆಸಿ ಒಮ್ಮೆ. ಆರಾಮಾಗಿ ಕೂತಿದ್ದರೆ ನಡೆಸಿ ನೋಡಿ, ಈಗಾಗಲೇ ಏದುಸಿರು ಇದ್ದರೆ ನಡೆಸಬೇಡಿ. 94ಕ್ಕಿಂತ ಕೆಳಗಿಳಿದರೆ, ನಡೆದ ಮೇಲೆ ಮೂರ್ನಾಲ್ಕು ಅಂಕ ಕುಸಿದರೆ, ಮಾತಾಡುವಾಗ ಏದುಸಿರು ಬಂದರೆ, ಮಂಕಾದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಸಿಟಿ ಬರೆದರೆ ಅದು ಹಣ ದಂಡ ಅಂದುಕೊಳ್ಳಬೇಡಿ. ಎಕ್ಸ್‌ರೇ ಶುದ್ಧವಾಗಿದ್ದೂ ಆಕ್ಸಿಜನ್ ಇಳಿಯುತ್ತಿದ್ದರೆ ಸಿಟಿಯೇ ಬೇಕು. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಅನುಮಾನವಿದ್ದರೆ ಕಾಂಟ್ರಾಸ್ಟ್ ಔಷಧಿ ಚುಚ್ಚಿ ತೆಗೆಯುವ ಬೇರೆ ಥರದ ಸಿಟಿ ಮಾಡುತ್ತಾರೆ. ಶುಗರ್ ಇರುವುದರಿಂದ ಅದಕ್ಕೆ ಮುಂಚೆ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿದ್ದಾರಾ ಅಂತ ಕೇಳಿ.

ಯಾವ ವೈರಸ್ ಅಂತ ತಿಳಿಯುವುದು ಚಿಕಿತ್ಸೆಗೆ ಮುಖ್ಯವಾದರೆ ಗಂಟಲ ಸ್ವ್ಯಾಬ್‌ನಲ್ಲಿ ಇನ್‌ಫ್ಲುಯೆಂಜಾ ಪರೀಕ್ಷೆಗೂ ಕಳಿಸುವಂತೆ ಡಾಕ್ಟರನ್ನು ನಾಳೆಯೇ ಕೇಳಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಶುಗರ್ ಇರುವ 63 ವರ್ಷದವರಿಗೆ ಬಲವಾದ ಅನುಮಾನವಿದ್ದರೆ ರಿಪೋರ್ಟ್‌ಗೆ ಕಾಯದೆಯೂ ಕೊಡುತ್ತಾರೆ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಬೇಕೇ ಬೇಕು. ಶುಗರ್ ಇರುವವರಲ್ಲಿ ಟಿಬಿ ಕೆಲವೊಮ್ಮೆ ಶ್ವಾಸಕೋಶದ ಕೆಳಭಾಗದಲ್ಲೂ ಕಾಣಿಸಿಕೊಂಡು ಮಾಮೂಲಿ ನ್ಯುಮೋನಿಯಾದ ಹಾಗೆ ನಟಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿಯ ಕಫ ಪರೀಕ್ಷೆ ಉಚಿತ.

ಸ್ಕ್ಯಾನ್ ಮಾಡಿಸುವ ಹೊತ್ತು ಬಂದೇಬಿಟ್ಟರೆ ಒಂದು ಕೋರಿಕೆ. ಅಪ್ಪನ ಹಳೇ ಎಕ್ಸ್‌ರೇ, ಹಳೇ ಸಿಟಿ ಫಿಲ್ಮ್ ಬೀರುವಿನಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ತನ್ನಿ. ಅವರು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ತನ್ನಿ. ಜ್ವರ ಶುರುವಾದ ತಾರೀಖನ್ನು ಚೀಟಿಯ ಮೇಲೆ ಬರೆದುಕೊಡಿ. "ಎದೆ ಸಿಟಿ" ಎಂದಷ್ಟೇ ಬರೆದ ಚೀಟಿಯನ್ನು ಓದುವುದಕ್ಕೂ, "ಏಳನೇ ದಿನ, ಶುಗರ್ ಇದೆ, ಆಕ್ಸಿಜನ್ 92" ಎಂದಿರುವ ಚೀಟಿಯನ್ನು ಕೈಯಲ್ಲಿ ಹಿಡಿದು ಅದೇ ಚಿತ್ರವನ್ನು ಓದುವುದಕ್ಕೂ ತುಂಬ ವ್ಯತ್ಯಾಸ ಇದೆ. ಎಕ್ಸ್‌ರೇ ರಿಪೋರ್ಟ್ ಬಂದ ಮೇಲೆ ಅದರಲ್ಲಿ ಏನು ಬರೆದಿದೆ ಅಂತ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.