ಬ್ರೆಜಿಲ್ ಮತ್ತು ವಿಯೆಟ್ನಾಂ, ನಮ್ಮ ಕಾಫಿ ಕಣದಿಂದ ಕಂಡಂತೆ

ಬ್ರೆಜಿಲ್‌ಗೂ ವಿಯೆಟ್ನಾಂಗೂ ನೆಲ, ಜನ, ದುಡ್ಡು, ಸಂಸ್ಕೃತಿಯಲ್ಲಿ ಏನು ವ್ಯತ್ಯಾಸ ಅಂತ ಕೇಳಿದ್ದೀರಿ. ಎರಡಕ್ಕೂ ನಾನು ಹೋಗಿಲ್ಲ. ಆದರೆ ಕೊಡಗಿನ ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಪ್ರಪಂಚಕ್ಕೇ ಮೊದಲು, ವಿಯೆಟ್ನಾಂ ಎರಡನೆಯದು. ಅಲ್ಲಿ ಮಳೆ ಬಂತಾ, ಬಿಸಿಲಾ ಅಂತ ಕೇಳಿಕೊಂಡೇ ಇಲ್ಲಿ ನಾವು ಮೂಟೆ ಮಾರುವುದು.

ಬ್ರೆಜಿಲ್ 85 ಲಕ್ಷ ಚದರ ಕಿಲೋಮೀಟರ್. ಎರಡೂವರೆ ಭಾರತ ಅನ್ನಿ. ವಿಯೆಟ್ನಾಂ 3.3 ಲಕ್ಷ, ಎರಡು ಕರ್ನಾಟಕದಷ್ಟೂ ಇಲ್ಲ. ಜನ ಮಾತ್ರ ಬ್ರೆಜಿಲ್‌ನಲ್ಲಿ 20 ಕೋಟಿ ಚಿಲ್ಲರೆ, ವಿಯೆಟ್ನಾಂನಲ್ಲಿ 10 ಕೋಟಿ.

ಮಿನಾಸ್ ಜೆರಾಯಿಸ್ ಬ್ರೆಜಿಲ್‌ನ ದೊಡ್ಡ ಕಾಫಿ ರಾಜ್ಯ. ಅಲ್ಲಿನ ಸಮತಟ್ಟು ತೋಟಗಳಲ್ಲಿ ನೆರಳಿನ ಮರ ಕಾಣುವುದೇ ಅಪರೂಪ. ಮೆಷಿನ್ ಸಾಲಿನ ಮೇಲೇ ಹಾದು ಹಣ್ಣು ಉದುರಿಸುತ್ತದೆ. ನಮ್ಮಲ್ಲಿ ಅಸ್ಸಾಂನಿಂದ ಕೊಯ್ಲಿಗೆ ಜನ ಬರದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ! ಬ್ರೆಜಿಲ್‌ನವರ ಭಯ ಚಳಿಯದ್ದು. 1975ರ ಜುಲೈನಲ್ಲಿ (ಅವರಿಗೆ ಅದು ಚಳಿಗಾಲ) ಹೆಪ್ಪುಗಟ್ಟಿಸುವ ಚಳಿಗೆ ಪರಾನಾ ರಾಜ್ಯದ ತೋಟಗಳೆಲ್ಲ ಸುಟ್ಟ ಹಾಗೆ ಕಪ್ಪಾದವು.

ವಿಯೆಟ್ನಾಂ ನಮಗೆ ಹತ್ತಿರದ್ದು. ಡಾಕ್ ಲಾಕ್ ಕಡೆ ಸಣ್ಣ ಸಣ್ಣ ಹಿಡುವಳಿ, ಜಾಸ್ತಿ ರೊಬಸ್ಟಾ ಜಾತಿಯ ಕಾಫಿ, ಬೇಸಿಗೆಯಲ್ಲಿ ನೀರು ಹಾಯಿಸಿ ಹೂ ಬಿಡಿಸುವುದು. ಹೂಮಳೆ ಕೈಕೊಟ್ಟಾಗ ನಾವು ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಹಾಗೇ. ಕಾಫಿ ಗಿಡ ತಂದವರು ಫ್ರೆಂಚರು, 1857ರಲ್ಲಿ. ಬೆಳೆ ನಿಜವಾಗಿ ಏರಿದ್ದು 1986ರಲ್ಲಿ ಸರ್ಕಾರ 'ದೊಯ್ ಮೊಯ್' ಅಂತ ಹಿಡಿತ ಸಡಿಲಿಸಿದ ಮೇಲೆ. ಭೂಮಿ ಮಾತ್ರ ಇವತ್ತಿಗೂ ಸರ್ಕಾರದ್ದೇ, ರೈತರಿಗೆ ಉಳುವ ಹಕ್ಕು ಅಷ್ಟೇ. ಕೊಡಗಿನಲ್ಲಿ ತಲೆತಲಾಂತರದಿಂದ ಬಂದ ಜಮ್ಮಾ ಜಾಗದ ಕಾಗದಪತ್ರಕ್ಕೆ ಕಚೇರಿ ಅಲೆದವರಿಗೆ ಅವರ ಕಷ್ಟ ಅರ್ಥವಾಗುತ್ತದೆ.

ಆದರೆ ನಮ್ಮ ಕರಿಮೆಣಸಿಗೆ ಕಲ್ಲು ಹಾಕುವುದೂ ವಿಯೆಟ್ನಾಮೇ. ಅಲ್ಲಿನ ಮೆಣಸು ಅಗ್ಗಕ್ಕೆ ಬಂದು ಬಂದು, ಕೊನೆಗೆ 2017ರಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕೆಜಿಗೆ ಕನಿಷ್ಠ 500 ರೂಪಾಯಿ ಅಂತ ಬೆಲೆ ಕಟ್ಟಬೇಕಾಯಿತು.

ಕಾಫಿ ಬಿಟ್ಟರೆ ಬ್ರೆಜಿಲ್ ಅದಿರು, ಸೋಯಾ, ವಿಮಾನ ಮಾರುತ್ತದೆ. ವಿಯೆಟ್ನಾಂ ಫೋನು, ಬಟ್ಟೆ, ಶೂ. ತಲಾ ಆದಾಯದಲ್ಲಿ ಬ್ರೆಜಿಲ್ ಸುಮಾರು ದುಪ್ಪಟ್ಟು.

ಬ್ರೆಜಿಲ್ ಜನರ ಕಥೆಯಲ್ಲೂ ಕಾಫಿಯೇ ಇದೆ. ತೋಟದಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1888ರಲ್ಲಿ ಗುಲಾಮಗಿರಿ ನಿಂತಿತು. ಅದರ ಆಸುಪಾಸಿನಲ್ಲೇ ಇಟಲಿಯವರು ಬಂದರು, 1908ರಿಂದ ಜಪಾನಿನವರು. ಎಲ್ಲರೂ ಬೆರೆತು ಪೋರ್ಚುಗೀಸ್ ಮಾತಾಡುತ್ತಾರೆ. ನಮ್ಮ ಕೊಡಗಿನವರಿಗೆ ಹಾಕಿ ಹೇಗೋ ಅವರಿಗೆ ಫುಟ್‌ಬಾಲ್ ಹಾಗೆ.

ವಿಯೆಟ್ನಾಂನಲ್ಲಿ ಮನೆಮನೆಯಲ್ಲೂ ತೀರಿಕೊಂಡ ಹಿರಿಯರಿಗೆ ಒಂದು ಪೀಠ ಇರುತ್ತದೆ. 'ಟೆಟ್' ಅನ್ನುವ ಹೊಸವರ್ಷದ ಹಬ್ಬಕ್ಕೆ ಅವರಿಗೆ ಎಡೆ ಇಡುತ್ತಾರೆ. ನಾವು ಐನ್‌ಮನೆಯಲ್ಲಿ (ಕುಲದ ಮೂಲಮನೆ) ಕುಲದ ಹಿರಿಯ ಗುರುಕಾರೋಣನಿಗೆ ಮೀದಿ ಅಂತ ಎಡೆ ಇಡುವುದಿಲ್ಲವೇ? ಹಬ್ಬ ಬರುವುದು ಜನವರಿ, ಫೆಬ್ರವರಿಯಲ್ಲಿ, ನಮ್ಮ ಕಣದಲ್ಲಿ ರೊಬಸ್ಟಾ ಒಣಗುತ್ತಿರುವಾಗ.

2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಿದ್ದು ರೊಬಸ್ಟಾ ರೇಟು ಆಕಾಶಕ್ಕೆ ಹೋಯಿತು. ನಾನು ಆ ಹಬ್ಬಕ್ಕೆ ಮೊದಲೇ ಎಲ್ಲ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರಿ ಕೂತಿದ್ದೆ.