ಹೋದ ನೀರು ವಾಪಸ್ ಬಂದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಂಪು, ಟ್ಯಾಂಕಿನ ಬಗ್ಗೆ ಬರೆದು ಕಳಿಸಿ ಅಂದಿದ್ದಕ್ಕೆ ರಾಶಿ ಪತ್ರ ಬಂದಿವೆ. ಓದುತ್ತಾ ಹೋದರೆ ಅರ್ಧಕ್ಕರ್ಧ ಒಂದೇ ದೂರು. ಮುಂದಕ್ಕೆ ಹೋಗಬೇಕಾದ ನೀರು ಹಿಂದಕ್ಕೆ ಬರುತ್ತಿದೆ. ಹಾಗಾಗಿ ಈ ಸಲ ಅದೊಂದೇ ವಿಷಯ.

ನಮ್ಮದು ರಾಜಾಜಿನಗರದ ಹಳೇ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ರಾತ್ರಿ ಸಂಪು ತುಂಬಿರುತ್ತದೆ, ಬೆಳಗ್ಗೆ ನೋಡಿದರೆ ಅರ್ಧ ಅಡಿ ಇಳಿದಿರುತ್ತದೆ. ಮೋಟರ್ ಹಾಕಿರುವುದೇ ಇಲ್ಲ. ಸಂಪು ಸೋರುತ್ತಿದೆ, ವಾಟರ್‌ಪ್ರೂಫಿಂಗ್‌ಗೆ 40 ಸಾವಿರ ಆಗುತ್ತೆ ಅಂತ ಒಬ್ಬರು ಹೇಳಿದ್ದಾರೆ. ಮಾಡಿಸಲಾ?
— ಗೃಹಿಣಿ, ಬೆಂಗಳೂರು

ತಡೀರಿ ಅಮ್ಮಾ, ಅಡ್ವಾನ್ಸ್ ಕೊಡಬೇಡಿ. ಮೊದಲು ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ರಸ್ತೆಯಿಂದ ಬರುವ ಪೈಪಿನ ಬಾಯಿ ಎಲ್ಲಿದೆ? ನೀರಿನ ಮೇಲಿದೆಯೋ, ನೀರೊಳಗೆ ಮುಳುಗಿದೆಯೋ? ಹಳೇ ಮನೆಗಳಲ್ಲಿ ರಾತ್ರಿ ನೀರು ಬೀಳುವ ಸದ್ದಿಗೆ ನಿದ್ದೆ ಕೆಡುತ್ತದೆ ಅಂತ ಯಾರೋ ಒಂದು ತುಂಡು ಪೈಪ್ ಸೇರಿಸಿ ಕೆಳಗಿನವರೆಗೆ ಇಳಿಸಿರುತ್ತಾರೆ. ಅಲ್ಲೇ ಎಡವಟ್ಟು.

ಸೀಮೆಎಣ್ಣೆ ಡ್ರಮ್ಮಿಗೆ ಪೈಪ್ ಇಳಿಬಿಟ್ಟು, ಬಾಯಲ್ಲಿ ಒಂದು ಸಲ ಎಳೆದು, ಕ್ಯಾನಿಗೆ ಹಿಡಿಯುತ್ತಿದ್ದದ್ದು ನೆನಪಿದೆಯಾ? ಇಲ್ಲೂ ಅದೇ ಆಟ. ಜಲಮಂಡಳಿಯವರು ವಾಲ್ ಮುಚ್ಚಿದ ಮೇಲೆ ರಸ್ತೆಯ ಪೈಪು ನಿಧಾನಕ್ಕೆ ಖಾಲಿಯಾಗುತ್ತದೆ. ಇಳಿಜಾರಿನಲ್ಲಿ ಕೆಳಗಿರುವ ಯಾರೋ ನಲ್ಲಿ ತಿರುಗಿಸುತ್ತಾರೆ. ಅಥವಾ, ಇದು ಇನ್ನೂ ಕೆಟ್ಟದ್ದು, ಮೇನ್ ಲೈನಿಗೇ ಮೋಟರ್ ಹಚ್ಚಿ ಎಳೆಯುತ್ತಾರೆ. ನಿಮ್ಮ ಸಂಪಿನ ನೀರು ಮುಳುಗಿದ ಪೈಪಿನಲ್ಲಿ ಹಿಂದಕ್ಕೆ ಹೋಗಿ ಅವರ ಮನೆ ಸೇರುತ್ತದೆ. ಮೀಟರಿನ ದುಡ್ಡು ಮಾತ್ರ ನಿಮ್ಮದೇ!

ಸೋರಿಕೆಯೋ ಇದೋ ಅಂತ ತಿಳಿಯೋಕೆ ಖರ್ಚಿಲ್ಲದ ಪರೀಕ್ಷೆ ಇದೆ. ಗೋಡೆ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ಮೀಟರ್ ಪಕ್ಕದ ವಾಲ್ ಮುಚ್ಚಿ ಮಲಗಿ. ಬೆಳಗ್ಗೆ ಮಟ್ಟ ಹಾಗೇ ಇದ್ದರೆ ಸಂಪು ಗಟ್ಟಿಯಾಗಿದೆ ಅಂತ ಅರ್ಥ. ಇನ್ನೊಂದು ಸುಳಿವು: ಪ್ರತಿ ಸಲವೂ ನೀರು ಇಳಿದು ಇಳಿದು ಸರಿಯಾಗಿ ಪೈಪಿನ ಬಾಯಿ ಹತ್ತಿರ ಬಂದು ನಿಲ್ಲುತ್ತಿದ್ದರೆ ಅನುಮಾನವೇ ಬೇಡ, ಅಲ್ಲಿ ಗಾಳಿ ಹೊಕ್ಕು ಎಳೆತ ಕಡಿದು ಹೋಗಿರುತ್ತದೆ.

ಪರಿಹಾರಕ್ಕೆ ಒಂದು ಗರಗಸ ಸಾಕು. ಪೈಪನ್ನು ಕೊಯ್ದು, ಸಂಪು ಪೂರ್ತಿ ತುಂಬಿದಾಗಲೂ ಅದರ ಬಾಯಿ ನೀರಿಗಿಂತ ಮೇಲಿರುವ ಹಾಗೆ ಮಾಡಿ. ಲೆಕ್ಕ ಏನಂದರೆ ಪೈಪಿನ ವ್ಯಾಸದ ಎರಡರಷ್ಟು ಜಾಗ, ಯಾವ ಕಾರಣಕ್ಕೂ ಒಂದು ಇಂಚಿಗಿಂತ ಕಡಿಮೆ ಇಲ್ಲ. ನಾನು ಎಲ್ಲರಿಗೂ ನಾಲ್ಕು ಬೆರಳು ಅನ್ನುತ್ತೇನೆ, ಅಳೆಯೋಕೆ ಸುಲಭ. ಫ್ಲೋಟ್ ವಾಲ್ (ಸಂಪು ತುಂಬಿದಾಗ ತಾನಾಗಿ ನೀರು ನಿಲ್ಲಿಸುವ ತೇಲುವ ಚೆಂಡಿನ ವಾಲ್) ಇದ್ದರೂ ಇದೇ ನಿಯಮ. ಸಂಪಿನಿಂದ ಹೆಚ್ಚಾದ ನೀರು ಹೊರಗೆ ಹೋಗುವ ಓವರ್‌ಫ್ಲೋ ಪೈಪು ಈ ಬಾಯಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಸಂಪು ತುಂಬಿದ ದಿನ ನಾಲ್ಕು ಬೆರಳೂ ಮುಳುಗಿ ಹೋಗುತ್ತದೆ.

ಪ್ಲಂಬರ್ ‘ಎನ್‌ಆರ್‌ವಿ ಹಾಕಿಬಿಡೋಣ’ ಅನ್ನಬಹುದು. ನಾನ್ ರಿಟರ್ನ್ ವಾಲ್, ಒಂದೇ ಕಡೆ ನೀರು ಬಿಡುವ ವಾಲ್. ಹಾಕಿಸಿ, ಬೇಡ ಅನ್ನಲ್ಲ. ಬಾಣದ ಗುರುತು ನೀರು ಹೋಗುವ ದಿಕ್ಕಿಗಿರಲಿ. ಆದರೆ ಒಂದು ಮರಳಿನ ಕಾಳು, ಟೆಫ್ಲಾನ್ ಟೇಪಿನ ಒಂದು ಎಳೆ ಸಿಕ್ಕಿಕೊಂಡರೂ ಒಳಗಿನ ಮುಚ್ಚಳ ಪೂರ್ತಿ ಮುಚ್ಚಲ್ಲ, ಹೊರಗಿನಿಂದ ನೋಡಿದರೆ ಅದು ಗೊತ್ತೂ ಆಗಲ್ಲ. ಪೈಪಿನ ಬಾಯಿಗೂ ನೀರಿಗೂ ನಡುವೆ ಬಿಟ್ಟ ಗಾಳಿಗೆ ತುಕ್ಕು ಹಿಡಿಯಲ್ಲ, ಅದರಲ್ಲಿ ಸ್ಪ್ರಿಂಗ್ ಇಲ್ಲ, ಸವೆಯುವ ವಾಷರ್ ಇಲ್ಲ. ಹಾಗಾಗಿ ಮೊದಲು ನಾಲ್ಕು ಬೆರಳು ಗಾಳಿ, ಆಮೇಲೆ ವಾಲ್.

ನೀರು ಬಂದ ಮೊದಲ ಹತ್ತು ನಿಮಿಷ ವಾಸನೆ ಅಂತಲೂ ಬರೆದಿದ್ದೀರಿ. ಖಾಲಿ ಪೈಪು ಒಡಕು ಇರುವ ಕಡೆಯಲ್ಲೆಲ್ಲ ಸುತ್ತಲಿನ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ, ಮೊದಲ ನೀರಿನ ಜೊತೆ ಅದು ಬರುತ್ತದೆ. ಸಂಪಿಗೆ ಹೋಗುವ ಮುಂಚೆ ಪೈಪಿಗೆ ಒಂದು ‘ಟೀ’ (T ಆಕಾರದ ಜೋಡಣೆ) ಹಾಕಿಸಿ ಆ ನೀರನ್ನು ಹೊರಗೆ ಬಿಡಿ. ಚರಂಡಿಯ ವಾಸನೆಯಾಗಿದ್ದರೆ ಗಿಡಕ್ಕೂ ಬೇಡ, ಅವತ್ತೇ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಲೈನಿಗೆ ನೇರವಾಗಿ ಮೋಟರ್ ಹಚ್ಚುವುದು ಕಾನೂನುಬಾಹಿರ ಅಂತ ಎಲ್ಲರಿಗೂ ಗೊತ್ತು, ಆದರೂ ಬೀದಿಗೊಬ್ಬರು ಇದ್ದೇ ಇರುತ್ತಾರೆ. ಹಾಗೆ ಎಳೆಯುವವರು ತಮ್ಮ ಕುಡಿಯುವ ನೀರಿಗೇ ಚರಂಡಿ ಬಸಿದುಕೊಳ್ಳುತ್ತಿದ್ದಾರೆ.

ತೋಟಕ್ಕೂ ಮನೆಗೂ ಒಂದೇ ಬೋರ್‌ವೆಲ್. ಕೊಳೆರೋಗಕ್ಕೆ ಔಷಧಿ ಹೊಡೆಸಿದ ಮರುದಿನ ಅಡುಗೆಮನೆ ನಲ್ಲಿಯಲ್ಲಿ ತಿಳಿ ನೀಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಸರಿಹೋಯ್ತು. ಡ್ರಮ್ಮಿನ ಔಷಧಿ ಮನೆಗೆ ಹೇಗೆ ಬರೋಕೆ ಸಾಧ್ಯ? ತೋಟ ಮನೆಗಿಂತ ಎಷ್ಟೋ ಕೆಳಗಿದೆ.
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ರಾಯರೇ, ಈ ಪತ್ರ ಓದಿ ನನಗೆ ಎದೆ ಧಸಕ್ಕೆಂದಿತು. ನೀರು ಮೇಲಕ್ಕೆ ಹತ್ತಲ್ಲ ಅನ್ನುವ ನಂಬಿಕೆಯಲ್ಲಿ ನಾವೆಲ್ಲ ಇದ್ದೇವೆ. ಪಂಪು ಹತ್ತಿಸುತ್ತದಲ್ಲ!

ಹೀಗಾಗಿರಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡೋಕೆ ಒಂದು ಕೆಜಿ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಡ್ರಮ್ಮಿಗೆ ಬೋರ್ ಲೈನಿನಿಂದಲೇ ಹೋಸ್ ಎಳೆದು, ಅದರ ತುದಿಯನ್ನು ಒಳಗೆ ಮುಳುಗಿಸಿ ಇಟ್ಟಿರುತ್ತಾರೆ. ಮೇಲಿಟ್ಟರೆ ಹಾರಿ ಬೀಳುತ್ತದೆ, ಹಿಡಿದುಕೊಂಡು ನಿಲ್ಲೋಕೆ ಆಳಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಬೋರ್‌ವೆಲ್ ಒಳಗಿನ ಪೈಪಿನ ನೀರೆಲ್ಲ ಕೆಳಗೆ ಜಾರುತ್ತದೆ. ಸಬ್‌ಮರ್ಸಿಬಲ್ ಪಂಪಿನ ತಲೆ ಮೇಲೆ ಒಂದು ಎನ್‌ಆರ್‌ವಿ ಇರುತ್ತದೆ ನಿಜ, ಮರಳು ತಿಂದು ತಿಂದು ಅದು ಯಾವಾಗಲೋ ಸವೆದಿರುತ್ತದೆ. ಜಾರುವ ನೀರು ತನ್ನ ಹಿಂದೆ ಏನು ಸಿಕ್ಕರೂ ಎಳೆದುಕೊಳ್ಳುತ್ತದೆ, ಡ್ರಮ್ಮಿನ ಔಷಧಿಯೂ ಪೈಪಿಗೆ ಬಂತು. ಮತ್ತೆ ಕರೆಂಟ್ ಬಂದಾಗ ಪಂಪು ಅದನ್ನೇ ತೋಟಕ್ಕೂ ತಳ್ಳಿತು, ಮನೆಗೂ ತಳ್ಳಿತು. ಒಂದಷ್ಟು ಬೋರ್‌ವೆಲ್ ಒಳಗೂ ಇಳಿದಿರಬಹುದು.

ಈಗ ಮಾಡಬೇಕಾದ್ದು: ಆ ನೀರು ಕುಡಿಯಬೇಡಿ. ಕುದಿಸಿದರೆ ತಾಮ್ರ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ. ಯಾರಿಗಾದರೂ ವಾಂತಿ, ಹೊಟ್ಟೆನೋವು ಇದ್ದರೆ ಡಾಕ್ಟರಿಗೆ ತೋರಿಸಿ, ಮೈಲುತುತ್ತದ ವಿಷಯ ಮುಚ್ಚಿಡಬೇಡಿ. ಮನೆ ಟ್ಯಾಂಕು ಖಾಲಿ ಮಾಡಿ ತೊಳೆಸಿ, ಬೋರನ್ನು ಸಾಕಷ್ಟು ಹೊತ್ತು ಹೊರಗೆ ಓಡಿಸಿ, ಆಮೇಲೆ ನೀರನ್ನು ಲ್ಯಾಬಿಗೆ ಕೊಡಿ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಬರೀ ‘ನೀರು ಚೆನ್ನಾಗಿದೆಯಾ’ ಅಂತ ಕೇಳಬೇಡಿ, ತಾಮ್ರ ನೋಡಿ ಅಂತ ಹೇಳಿಯೇ ಕೊಡಿ.

ಮುಂದಕ್ಕೆ, ಔಷಧಿ ಡ್ರಮ್ಮಿಗೆ ಬೋರ್ ಲೈನ್ ಮುಟ್ಟಿಸಲೇಬೇಡಿ. ಪಕ್ಕದಲ್ಲಿ ಬರೀ ನೀರಿನ ಡ್ರಮ್ ಒಂದಿರಲಿ, ಅದಕ್ಕೂ ಪೈಪು ಮೇಲಿನಿಂದ ಬೀಳಲಿ, ಅಲ್ಲಿಂದ ಕೊಡದಲ್ಲಿ ಎತ್ತಿ ಹುಯ್ಯಿರಿ. ಆಳು ಗೊಣಗುತ್ತಾನೆ, ಗೊಣಗಲಿ. ಹೋಸೇ ಬೇಕು ಅಂದರೆ ಒಂದು ಕವೆ ಕಡ್ಡಿ ನೆಟ್ಟು, ಡ್ರಮ್ಮಿನ ಅಂಚಿಗಿಂತ ನಾಲ್ಕು ಬೆರಳು ಮೇಲೆ ಅದಕ್ಕೆ ಬಿಗಿದು ಕಟ್ಟಿ. ಡ್ರಿಪ್ಪಿನಲ್ಲಿ ವೆಂಚುರಿ (ಹರಿಯುವ ನೀರಿನ ಎಳೆತದಿಂದಲೇ ಗೊಬ್ಬರ ಸೇರಿಸುವ ಸಾಧನ) ಹಾಕಿ ಗೊಬ್ಬರ ಬಿಡುವವರಿಗೂ ಇದೇ ಅಪಾಯ ಇದೆ, ಯೂರಿಯಾ ನೇರ ಬೋರ್‌ವೆಲ್‌ಗೆ ಇಳಿಯುತ್ತದೆ. ಬೋರಿನಿಂದ ಹೊರಟ ಪೈಪಿಗೆ, ಗೊಬ್ಬರ ಸೇರುವ ಜಾಗಕ್ಕಿಂತ ಮುಂಚೆ, ಒಂದು ಒಳ್ಳೆ ಎನ್‌ಆರ್‌ವಿ ಮತ್ತು ಬೋರಿನ ಕಡೆಗೆ ಒಂದು ಏರ್ ವಾಲ್ ಇರಲಿ. ನೀರು ಕೆಳಗೆ ಜಾರುವಾಗ ಏರ್ ವಾಲ್ ಗಾಳಿಯನ್ನು ಒಳಗೆ ಬಿಡುತ್ತದೆ, ಎಳೆತ ಸಾಯುತ್ತದೆ.

ಸಣ್ಣ ಹೋಟೆಲ್ ನಮ್ಮದು. ಪಾತ್ರೆ ನೆನೆಹಾಕುವ ತೊಟ್ಟಿಯಲ್ಲಿ ಹೋಸ್ ಬಿದ್ದಿರುತ್ತದೆ. ಗಿರಾಕಿಯೊಬ್ಬರು ನೋಡಿ ಇದು ತಪ್ಪು ಅಂದರು. ನೀರು ಟೆರೇಸ್ ಟ್ಯಾಂಕಿನಿಂದ ತಾನಾಗಿ ಬರುವುದು, ಪಂಪಿಲ್ಲ, ಪ್ರೆಷರ್ ಇಲ್ಲ. ಏನು ತೊಂದರೆ?
— ಹೋಟೆಲ್ ಮಾಲೀಕರು, ದಾವಣಗೆರೆ

ನಿಮ್ಮ ಗಿರಾಕಿ ಪುಣ್ಯಾತ್ಮರು, ಅವರಿಗೊಂದು ಕಾಫಿ ಕೊಡಿ. ಟ್ಯಾಂಕು ತೊಳೆಯೋಕೆ ಮೇಲೆ ವಾಲ್ ಮುಚ್ಚಿರುತ್ತೀರಿ. ಕೆಳಗೆ ಕೈ ತೊಳೆಯುವ ನಲ್ಲಿಯನ್ನು ಯಾರೋ ತಿರುಗಿಸುತ್ತಾರೆ. ಮೇಲಿಂದ ನೀರಿಲ್ಲ, ಪೈಪಿನಲ್ಲಿದ್ದದ್ದು ಕೆಳಗಿಳಿಯುತ್ತದೆ, ಆಗ ತೊಟ್ಟಿಯ ಎಂಜಲು ನೀರು ಹೋಸಿನಿಂದ ಪೈಪು ಸೇರುತ್ತದೆ. ಆ ಪೈಪಿನಲ್ಲೇ ಕುಡಿಯುವ ನೀರಿನ ಜಗ್ ತುಂಬಿಸುತ್ತೀರಿ ತಾನೆ? ನಂಬಿಕೆ ಬರದಿದ್ದರೆ ಮಾಡಿ ನೋಡಿ. ಹೋಸನ್ನು ತುಂಬಿದ ಬಕೆಟ್‌ನಲ್ಲಿಟ್ಟು ಅದರ ನಲ್ಲಿ ತೆರೆದಿಡಿ, ಟ್ಯಾಂಕಿನ ವಾಲ್ ಮುಚ್ಚಿ, ಬಕೆಟ್‌ಗಿಂತ ಕೆಳಗಿರುವ ನಲ್ಲಿಯೊಂದನ್ನು ಬಿಡಿ. ಬಕೆಟ್ ಇಳಿಯುತ್ತದೆ. ಆಮೇಲೆ ಮರೆಯದೆ ಎಲ್ಲ ನಲ್ಲಿಯಲ್ಲೂ ಒಂದಷ್ಟು ನೀರು ಹರಿಸಿಬಿಡಿ.

1933ರಲ್ಲಿ ಅಮೆರಿಕದ ಶಿಕಾಗೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಎರಡು ಹೆಸರಾಂತ ಹೋಟೆಲುಗಳ ಹಳೇ ಪೈಪುಗಳಲ್ಲಿ ಹೊಲಸು ನೀರು ಕುಡಿಯುವ ನೀರಿಗೆ ಸೇರಿ ಅಮೀಬಾ ಭೇದಿ ಹರಡಿತು. 1,400ಕ್ಕೂ ಹೆಚ್ಚು ಜನಕ್ಕೆ ತಗುಲಿತು, 98 ಮಂದಿ ಸತ್ತರು. ಉಳಿದುಕೊಂಡವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿ ಮಲಗಿದ್ದರಿಂದ ಮೂಲ ಯಾವುದು ಅಂತ ಹಿಡಿಯೋಕೇ ಕಷ್ಟವಾಯಿತು. ನಿಮ್ಮ ಗಿರಾಕಿಗಳೂ ಹಾಗೇ, ಹೊಟ್ಟೆ ಕೆಟ್ಟರೆ ನಿಮಗೆ ಹೇಳೋಕೆ ಬರಲ್ಲ, ಇನ್ನೊಂದು ಹೋಟೆಲಿಗೆ ಹೋಗುತ್ತಾರೆ.

ಹೋಸನ್ನು ಕತ್ತರಿಸಿ, ಎಷ್ಟೇ ಎಳೆದರೂ ತೊಟ್ಟಿಯ ಅಂಚು ಮುಟ್ಟಬಾರದು. ಉದ್ದ ಕತ್ತಿನ ನಲ್ಲಿ ಹಾಕಿಸಿದರೆ ಹೋಸೇ ಬೇಡ. ಆರ್‌ಒ ಮೆಷಿನ್ನಿನ ವೇಸ್ಟ್ ಪೈಪನ್ನು ಮೋರಿಯೊಳಗೆ ತುರುಕಿದ್ದರೆ ಅದನ್ನೂ ಹೊರಗೆ ತೆಗೆದು ಮೇಲಿನಿಂದ ತೊಟ್ಟಿಕ್ಕುವ ಹಾಗೆ ಮಾಡಿ. ಮನೆಯಲ್ಲಿರುವವರಿಗೂ ಒಂದು ಮಾತು: ಟಾಯ್ಲೆಟ್ಟಿನ ಹೆಲ್ತ್ ಫಾಸೆಟ್ ಬಕೆಟ್‌ನಲ್ಲೋ ಕಮೋಡಿನಲ್ಲೋ ಬಿದ್ದಿದ್ದರೆ ಅದೂ ಇದೇ ಕಥೆ. ಕೊಕ್ಕೆ ಇರುವುದು ಸುಮ್ನೆ ಅಲ್ಲ.

ಹೊಸ ಮನೆ. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ ಮೇಲೆ ಟೆರೇಸಿನ ಸೋಲಾರ್‌ನ ಮೇಲಿನ ಪೈಪಿನಿಂದ ನೀರು ಚೆಲ್ಲುತ್ತಿದೆ.
— ಮೈಸೂರು

ಯಾವುದೋ ಬಾತ್‌ರೂಮಿನ ಮಿಕ್ಸರ್‌ನಲ್ಲಿ ಎರಡೂ ಕಡೆ ತೆರೆದು, ಕೈ ಷವರಿನ ಗುಂಡಿ ಮಾತ್ರ ಮುಚ್ಚಿದ್ದೀರಿ. ಜೋರಿರುವ ತಣ್ಣೀರು ಮಿಕ್ಸರ್ ಮೂಲಕ ಬಿಸಿನೀರಿನ ಪೈಪಿಗೆ ನುಗ್ಗಿ ಸೋಲಾರ್ ಟ್ಯಾಂಕು ಸೇರಿ ಗಾಳಿ ಪೈಪಿನಿಂದ ಚೆಲ್ಲುತ್ತದೆ. ಸದ್ಯಕ್ಕೆ ಮಿಕ್ಸರನ್ನೇ ಪೂರ್ತಿ ಮುಚ್ಚಿ. ಶಾಶ್ವತಕ್ಕೆ ಮಿಕ್ಸರಿನ ಎರಡೂ ಪೈಪಿಗೆ ಸಣ್ಣ ಎನ್‌ಆರ್‌ವಿ ಹಾಕಿಸಿ. ಗಾಳಿ ಪೈಪಿಗೆ ಮಾತ್ರ ಬಿರಡೆ ಜಡಿಯಬೇಡಿ, ಟ್ಯಾಂಕು ಒಡೆಯುತ್ತದೆ. ಗೀಸರ್ ಇರುವವರೂ ಕೇಳಿ: ಒಳಬರುವ ಪೈಪಿಗೆ ಎನ್‌ಆರ್‌ವಿ ಇದ್ದರೆ ಕಾದು ಹಿಗ್ಗಿದ ನೀರಿಗೆ ಹಿಂದೆ ಹೋಗೋಕೆ ದಾರಿ ಇರಲ್ಲ. 25 ಲೀಟರಿನ ಗೀಸರಿನಲ್ಲಿ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಕಾಯುವಾಗ ಸೇಫ್ಟಿ ವಾಲ್ ತೊಟ್ಟಿಕ್ಕಿದರೆ ಅದು ಕೆಟ್ಟಿದೆ ಅಂತಲ್ಲ.

ಜೋರು ಮಳೆ ಬಂದರೆ ನೆಲಮಹಡಿಯ ಬಾತ್‌ರೂಮ್ ಜಾಲರಿಯಿಂದ ಚರಂಡಿ ನೀರು ಉಕ್ಕುತ್ತದೆ. ಮೇಲೆ ಎರಡು ಬಾಡಿಗೆ ಮನೆ ಇವೆ. ಒಂದು ವಾಲ್ ಹಾಕಿದರೆ ನಿಲ್ಲುತ್ತೆ ಅನ್ನುತ್ತಾರೆ, ನಿಜವಾ?
— ನಿವೃತ್ತ ಶಿಕ್ಷಕರು, ಬೆಂಗಳೂರು

ನಿಲ್ಲುತ್ತದೆ ಮೇಷ್ಟ್ರೇ, ಆದರೆ ಜಾಗ ತಪ್ಪಿದರೆ ಇನ್ನೂ ಜಾಸ್ತಿ ಆಗುತ್ತದೆ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಪೈಪಿನ ಅಳತೆ ಮನೆಗಳ ಕೊಳಚೆಗೆ ಅಂತ ಲೆಕ್ಕ ಹಾಕಿದ್ದು. ಊರಿನವರೆಲ್ಲ ಟೆರೇಸಿನ ಮಳೆನೀರನ್ನೂ ಅದಕ್ಕೇ ಬಿಟ್ಟರೆ ಅದು ತುಂಬಿ, ಬೀದಿಯಲ್ಲಿ ಯಾರ ಬಾತ್‌ರೂಮ್ ತಗ್ಗಿನಲ್ಲಿದೆಯೋ ಅಲ್ಲಿ ಉಕ್ಕುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಮೊದಲು ನಿಮ್ಮದೇ ಮಳೆನೀರಿನ ಪೈಪು ಎಲ್ಲಿಗೆ ಹೋಗಿದೆ ನೋಡಿ.

ಹಿಮ್ಮುಖ ಬರದಂತೆ ತಡೆಯುವ ದೊಡ್ಡ ವಾಲ್ ಸಿಗುತ್ತದೆ, ಒಳಗೆ ಬಾಗಿಲಿನಂಥ ಮುಚ್ಚಳ ಇರುತ್ತದೆ. ಹೊರಗಿನಿಂದ ಒತ್ತಡ ಬಂದಾಗ ಅದು ಮುಚ್ಚಿಕೊಳ್ಳುತ್ತದೆ. ಮುಚ್ಚಿದಾಗ ನಿಮ್ಮ ನೀರೂ ಹೊರಗೆ ಹೋಗಲ್ಲ ಅನ್ನುವುದನ್ನು ಅಂಗಡಿಯವರು ಹೇಳಲ್ಲ. ಮೂರೂ ಮನೆಯ ಲೈನು ಸೇರಿದ ಮೇಲೆ ಅದನ್ನು ಹಾಕಿದರೆ, ಮಳೆ ಸುರಿಯುವಾಗ ಮೇಲಿನವರು ಸ್ನಾನ ಮಾಡಿದ ನೀರು, ಫ್ಲಷ್ ಮಾಡಿದ್ದು, ಎಲ್ಲ ನಿಮ್ಮ ಬಾತ್‌ರೂಮಿಗೇ ಬರುತ್ತದೆ. ಹಾಗಾಗಿ ನೆಲಮಹಡಿಯ ಲೈನಿಗೆ ಮಾತ್ರ ವಾಲ್ ಇರಲಿ, ಮೇಲಿನ ಲೈನು ಅದರಾಚೆ ಬಂದು ಸೇರಲಿ. ವಾಲನ್ನು ಹೊರಗೆ, ಮುಚ್ಚಳ ತೆಗೆದರೆ ಕೈಗೆ ಸಿಗುವ ಚೇಂಬರಿನಲ್ಲಿ ಇಡಿಸಿ. ಮಳೆಗಾಲಕ್ಕೆ ಮುಂಚೆ ಅದರಲ್ಲಿ ಸಿಕ್ಕಿಕೊಂಡ ಕೂದಲು, ಬಟ್ಟೆ ತೆಗೆಸಿ. ಅಂಗಳದ ಗಲ್ಲಿ ಟ್ರ್ಯಾಪಿನ (ಮನೆಯ ಬಚ್ಚಲು ನೀರು ಚರಂಡಿಗೆ ಸೇರುವ ಮುಂಚಿನ ಗುಂಡಿ) ಜಾಲರಿ ಬಾತ್‌ರೂಮ್ ನೆಲಕ್ಕಿಂತ ತಗ್ಗಿನಲ್ಲಿದ್ದರೆ ಇನ್ನೂ ಒಳ್ಳೆಯದು, ಉಕ್ಕಿದರೂ ಅಂಗಳದಲ್ಲಿ ಉಕ್ಕುತ್ತದೆ.

ಕೊಳಚೆ ಸಂಪಿಗೂ ಇಳಿದಿದ್ದರೆ ಪೂರ್ತಿ ಖಾಲಿ ಮಾಡಿಸಿ, ಉಜ್ಜಿಸಿ, ಮತ್ತೆ ತುಂಬಿ ಸಾವಿರ ಲೀಟರಿಗೆ ಸುಮಾರು 150 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಆ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರು ತುಂಬಿ.

ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರಿನ ‘ಬ್ಯಾಕ್‌ಫ್ಲೋ’ ಪರೀಕ್ಷೆ ಮಾಡಿಸಿ ಅಂತ ಪತ್ರ ಬಂದಿದೆಯಂತೆ. ಇದು ದುಡ್ಡು ಕೀಳುವ ಮೋಸ ಇರಬಹುದಾ?
— ಹಾಸನ

ಬ್ಯಾಕ್‌ಫ್ಲೋ ಅಂದರೆ ನಾವು ಇಷ್ಟು ಹೊತ್ತು ಮಾತಾಡಿದ್ದೇ, ನೀರು ಹಿಂದಕ್ಕೆ ಬರುವುದು. ಪರೀಕ್ಷೆ ಅನ್ನುವುದು ನಿಜವೇ, ಅಲ್ಲಿನ ಎಷ್ಟೋ ಊರುಗಳಲ್ಲಿ ಕಡ್ಡಾಯ. ಕಾರಣಕ್ಕೆ ಒಂದು ಕಥೆ ಇದೆ. 1969ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ 97 ಜನರಲ್ಲಿ 90 ಜನಕ್ಕೆ ಕಾಮಾಲೆ ರೋಗ ತಗುಲಿತು, ಆ ವರ್ಷದ ಆಟವನ್ನೇ ನಿಲ್ಲಿಸಿದರು. ಹತ್ತಿರದಲ್ಲಿ ಬೆಂಕಿ ಬಿದ್ದು ಅಗ್ನಿಶಾಮಕದವರು ನೀರೆಳೆದಾಗ ಲೈನಿನ ಒತ್ತಡ ಕುಸಿದಿತ್ತು. ಮೈದಾನಕ್ಕೆ ನೀರು ಹಾಯಿಸುವ ನಲ್ಲಿಗಳು ನೆಲದೊಳಗಿನ ಗುಂಡಿಯಲ್ಲಿದ್ದವು, ಅಲ್ಲಿ ನಿಂತ ಕೊಳಕು ನೀರು ಪೈಪಿನೊಳಗೆ ಹೋಗಿ ಆಟಗಾರರು ಕುಡಿಯುವ ನಲ್ಲಿಯಲ್ಲಿ ಬಂತು.

ಆದರೂ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡುವುದು ಬೇಡ. ನೀರಿನ ಬಿಲ್ಲಿನಲ್ಲಿರುವ ನಂಬರಿಗೆ ಮಾಡಿ ಕೇಳಲಿ, ಲೈಸೆನ್ಸ್ ಇರುವ ಪರೀಕ್ಷಕರ ಪಟ್ಟಿ ಅವರಿಂದಲೇ ತೆಗೆದುಕೊಳ್ಳಲಿ.